ಪ್ರಿಂಟು ಕಪ್ಪಾಗಿಲ್ಲ, ಪರದೆ ಉರಿಯುತ್ತಿದೆ

ಡೊಂಬಿವಲಿಯಲ್ಲಿರುವ ನನ್ನ ಭಾವ ಮನೆಗೊಂದು ಎ3+ ಪ್ರಿಂಟರ್ ತಂದರು. 13 ಇಂಚು ಅಗಲ, 19 ಇಂಚು ಉದ್ದದ ಹಾಳೆ ಹಿಡಿಯುವಂಥದ್ದು. ಮೊದಲು ತೆಗೆದದ್ದು ಅವರೇ ಕ್ಲಿಕ್ಕಿಸಿದ ಯಕ್ಷಗಾನದ ಫೋಟೋ. ಪರದೆಯಲ್ಲಿ ಮುಂಡಾಸಿನ ಜರಿ ಪಟ್ಟಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಹಾಳೆಯ ಮೇಲೆ ಮುಂಡಾಸು, ಹಿಂದಿನ ಕತ್ತಲೆ ಎಲ್ಲ ಒಂದೇ ಮಸಿಯಾಗಿ ಬಂದವು. "ಶನಿವಾರ ಕಬ್ಬಿಣದ ಸಾಮಾನು ಮನೆಗೆ ತರಬೇಡ ಅಂದಿದ್ದೆ" ಎಂದರು ಅವರ ತಾಯಿ. "ಇಂಕು ಡೂಪ್ಲಿಕೇಟ್" ಎಂದರು ಪಕ್ಕದ ಮನೆಯವರು. ಭಾವ ನಾಲ್ಕು ಸಲ ಹೆಡ್ ಕ್ಲೀನಿಂಗ್, ಅಂದರೆ ಇಂಕು ಹಾಯಿಸಿ ಪ್ರಿಂಟ್ ಹೆಡ್ ತೊಳೆಯುವ ಕೆಲಸ, ಮಾಡಿದರು. ಆ ಇಂಕೆಲ್ಲ ಪ್ರಿಂಟರಿನ ಹೊಟ್ಟೆಯೊಳಗಿನ ಸ್ಪಂಜಿಗೆ ಹೋಯಿತು.

ಶನಿವಾರದ ಮಾತಿಗೂ ಇಂಕಿನ ಮಾತಿಗೂ ನನ್ನ ಮಟ್ಟಿಗೆ ವ್ಯತ್ಯಾಸವಿಲ್ಲ. ಎರಡನ್ನೂ ಹೇಳಿದವರು ಏನನ್ನೂ ಅಳೆದು ನೋಡಿರಲಿಲ್ಲ. ಇಂಕು ಚಿಮ್ಮುವ ಸಣ್ಣ ತೂತು, ಅಂದರೆ ನಾಝಲ್, ಕಟ್ಟಿಕೊಂಡರೆ ಚಿತ್ರದ ಅಡ್ಡಕ್ಕೆ ಸಣ್ಣ ಗೆರೆ ಬೀಳುತ್ತವೆ, ಇಲ್ಲವೇ ಒಂದು ಬಣ್ಣವೇ ಕಾಣೆಯಾಗುತ್ತದೆ. ಇಡೀ ಚಿತ್ರ ಸಮನಾಗಿ ಕಪ್ಪಾಗಿದ್ದರೆ ಯಂತ್ರವನ್ನು ಬಿಟ್ಟು ಪರದೆಯ ಕಡೆ ನೋಡಬೇಕು.

ಲೆಕ್ಕ ಹಾಕಿ ನೋಡೋಣ. ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟ ಸಾಮಾನ್ಯ ಮಾನಿಟರಿನ ಬಿಳಿ ಚದರ ಮೀಟರಿಗೆ 250ರಿಂದ 300 ಕ್ಯಾಂಡೆಲಾ (ಹೊಮ್ಮುವ ಬೆಳಕಿನ ಅಳತೆ) ಬೆಳಗುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಮೇಲೆ ಬಿದ್ದದ್ದನ್ನು ಹಿಂದಕ್ಕೆ ಚೆಲ್ಲುವುದಷ್ಟೇ ಅದರ ಕೆಲಸ. ರಾತ್ರಿ ಹಾಲ್‌ನ ಗೋಡೆಯ ಮೇಲೆ 100 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಬೀಳುತ್ತದೆ ಅಂದುಕೊಳ್ಳಿ. ಒಳ್ಳೆಯ ಫೋಟೋ ಕಾಗದದ ಬಿಳಿ ಅದರ ಶೇಕಡ 90ರಷ್ಟನ್ನು ವಾಪಸು ಕೊಡುತ್ತದೆ. 100ನ್ನು 0.9ರಿಂದ ಗುಣಿಸಿ 3.14ರಿಂದ, ಅಂದರೆ ಪೈಯಿಂದ, ಭಾಗಿಸಿದರೆ ಸುಮಾರು 29 ಕ್ಯಾಂಡೆಲಾ. ಪರದೆಯ ಬಿಳಿಗೆ ಹೋಲಿಸಿದರೆ ಹತ್ತನೇ ಒಂದು ಪಾಲು! ಅದೇ ಹಾಳೆಯನ್ನು 1000 ಲಕ್ಸ್ ಇರುವ ಕಿಟಕಿಯ ಹತ್ತಿರ ಹಿಡಿದರೆ 286 ಆಗುತ್ತದೆ. ಇಂಕಿನ ಒಂದು ಹನಿಯೂ ಬದಲಾಗದೆ ಪ್ರಿಂಟು ಹತ್ತು ಪಟ್ಟು ಬೆಳಗುತ್ತದೆ.

ಮಟಮಟ ಮಧ್ಯಾಹ್ನ ಹೊರಗಿಂದ ಬಂದವರಿಗೆ ನಡುಮನೆ ಕತ್ತಲಾಗಿ ಕಾಣುವುದಿಲ್ಲವೇ? ಪರದೆಯಿಂದ ಪ್ರಿಂಟಿಗೆ ತಿರುಗುವ ಕಣ್ಣಿಗೂ ಹಾಗೇ. ಕಣ್ಣು ಅಲ್ಲಿರುವುದರಲ್ಲಿ ಅತಿ ಬೆಳಗಾದದ್ದನ್ನೇ ಬಿಳಿ ಎಂದು ಹಿಡಿದು ಉಳಿದದ್ದನ್ನು ಅದರ ಕೆಳಗೆ ಜೋಡಿಸುತ್ತದೆ. ಚಂದ್ರನನ್ನು ನೋಡಿ. ಅವನ ನೆಲ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 12ರ ಆಸುಪಾಸು ಮಾತ್ರ ಹಿಂದಿರುಗಿಸುತ್ತದೆ, ಹಳೆಯ ಡಾಂಬರು ರಸ್ತೆಯ ಬಣ್ಣ ಅದು. ಸುತ್ತ ಕರಿ ಆಕಾಶವಿರುವುದರಿಂದ ಹುಣ್ಣಿಮೆಗೆ ಬೆಳ್ಳಿಯಂತೆ ಕಾಣುತ್ತಾನೆ. ಭಾವನ ಪ್ರಿಂಟು ಸೂರ್ಯನ ಪಕ್ಕದಲ್ಲಿ ನಿಂತ ಚಂದ್ರ. ದಾದರ್‌ನ ಸೀರೆ ಅಂಗಡಿಯಲ್ಲಿ ನಮ್ಮ ಹೆಂಗಸರು ಸೆರಗನ್ನು ಬಾಗಿಲ ತನಕ ತಂದು ನೋಡುತ್ತಾರೆ. ಅಂಗಡಿಯವರು ಬೇಸರಪಟ್ಟರೂ ಆ ಪರೀಕ್ಷೆ ಅಪ್ಪಟ ವಿಜ್ಞಾನ: ಬಣ್ಣ ಬಟ್ಟೆಯಲ್ಲಿ ಎಷ್ಟಿದೆಯೋ ಅದರ ಮೇಲೆ ಬೀಳುವ ಬೆಳಕಿನಲ್ಲೂ ಅಷ್ಟೇ ಇದೆ.

ಇಲ್ಲಿ ರವಿವರ್ಮನನ್ನು ನೆನೆಯದಿದ್ದರೆ ಆಗದು. ನಮ್ಮ ಅಜ್ಜಿಯರ ದೇವರಕೋಣೆಯ ಲಕ್ಷ್ಮಿ, ಸರಸ್ವತಿಯರನ್ನು ಅಚ್ಚು ಹಾಕಿದ ಆತನ ಮುದ್ರಣಾಲಯ 1894ರಲ್ಲಿ ಶುರುವಾದದ್ದು ಮುಂಬೈಯಲ್ಲೇ. ಮುಂದೆ ಅದು ಲೋನಾವಳಾ ಹತ್ತಿರದ ಮಳವಲಿಗೆ ಹೋಯಿತು (ಮಂಡ್ಯದ ಮಳವಳ್ಳಿ ಬೇರೆ). ಅದು ಕಲ್ಲಚ್ಚಿನ ಕಾಲ, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಕಾಗದವನ್ನು ಪ್ರತಿ ಕಲ್ಲಿನ ಮೇಲೂ ಕೂದಲೆಳೆ ತಪ್ಪದಂತೆ ಒತ್ತಬೇಕು. ನಡುವೆ ಕಾಗದ ತೇವ ಕುಡಿದು ಹಿಗ್ಗಿದರೆ ದೇವಿಯ ತುಟಿಯ ಕೆಂಪು ಗಲ್ಲಕ್ಕೆ ಇಳಿದೀತು. ಅವರ ಕಷ್ಟ ಅಷ್ಟಿದ್ದರೂ ನಮ್ಮ ಈ ಗೊಂದಲ ಅವರಿಗಿರಲಿಲ್ಲ. ಮೂಲಚಿತ್ರ, ಅಚ್ಚಿನ ಪ್ರತಿ ಎರಡೂ ಒಂದೇ ಕಿಟಕಿಯ ಬೆಳಕಿನಲ್ಲಿ ಅಕ್ಕಪಕ್ಕ ಇರುತ್ತಿದ್ದವು.

ಆ ಕಿಟಕಿಯನ್ನೇ ಮನೆಗೆ ತರಬಹುದು. ಪರದೆಯಲ್ಲಿ ಬರೀ ಬಿಳಿ ಪುಟ ತೆರೆದು, ಪಕ್ಕದಲ್ಲಿ ಖಾಲಿ ಫೋಟೋ ಕಾಗದ ಹಿಡಿದು, ಎರಡೂ ಒಂದೇ ಅನ್ನಿಸುವ ತನಕ ಬ್ರೈಟ್‌ನೆಸ್ ಇಳಿಸಿ. ಬೆಳಕು ಚೆನ್ನಾಗಿರುವ ಕೋಣೆಯಲ್ಲಿ ಅದು 80ರಿಂದ 120 ಕ್ಯಾಂಡೆಲಾ ನಡುವೆ ನಿಲ್ಲುತ್ತದೆ. ಮೊದಲ ದಿನ ಪರದೆ ಮಂಕಾಗಿದೆ ಅನ್ನಿಸೀತು, ಕಣ್ಣು ಬೇಗ ಒಗ್ಗುತ್ತದೆ. ಫೋಟೋ ತಿದ್ದುವ ಕೆಲಸವೆಲ್ಲ ಇದಾದ ಮೇಲೆ.

ಕಪ್ಪು ಮಾತ್ರವಲ್ಲದೆ ಮುಖಗಳೂ ಕೆಂಪಗೆ ಊದಿಕೊಂಡಂತೆ ಬಂದರೆ ಬಣ್ಣದ ತಿದ್ದುಪಡಿ ಎರಡೆರಡು ಸಲ ಆಗಿರಬಹುದು: ಸಾಫ್ಟ್‌ವೇರ್ ಒಮ್ಮೆ, ಪ್ರಿಂಟರನ್ನು ನಡೆಸುವ ಪ್ರೋಗ್ರಾಮ್, ಅಂದರೆ ಡ್ರೈವರ್, ಇನ್ನೊಮ್ಮೆ. ಸಾಫ್ಟ್‌ವೇರಿಗೆ ಆ ಹಾಳೆಯ ಪ್ರೊಫೈಲ್ (ಅದರ ಮೇಲೆ ಬಣ್ಣ ಹೇಗೆ ಬರುತ್ತದೆ ಎಂದು ಹೇಳುವ ಫೈಲ್) ಕೊಟ್ಟು ಡ್ರೈವರಿನದ್ದನ್ನು ಆಫ್ ಮಾಡಿ. ಇನ್ನು 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ, ಇಲ್ಲದೆ ದೊಡ್ಡ ಪ್ರಿಂಟೇ ಆಗದು ಎಂಬ ಭಯ. ಒಂದು ಅಡಿ ದೂರದಿಂದ ನೋಡುವ ಕಣ್ಣಿಗೆ ಆ ಲೆಕ್ಕ ಸರಿ. ಗೋಡೆಯ ಚಿತ್ರವನ್ನು ಒಂದು ಮೀಟರಿನಿಂದ ನೋಡುವವರಿಗೆ 90 ಸಾಕು. 4000 ಪಿಕ್ಸೆಲ್ ಅಗಲದ ಫೋಟೋ 19 ಇಂಚಿಗೆ ಹಿಗ್ಗಿದರೂ ಇಂಚಿಗೆ 210 ಉಳಿಯುತ್ತದೆ. ಮಳೆಗಾಲದ ಮಾತು ಬೇರೆ. ಮುಂಬೈಯ ಜುಲೈ ತಿಂಗಳಲ್ಲಿ ಹೊರಗಿಟ್ಟ ಹಾಳೆಯ ಅಂಚು ಸುರುಳಿಯಾಗಿ ಪ್ರಿಂಟ್ ಹೆಡ್‌ಗೆ ತಾಗುತ್ತದೆ, ಅಂಚಿನಲ್ಲಿ ಇಂಕಿನ ಗೀರು ಬೀಳುತ್ತದೆ. ಹಾಳೆಗಳು ಪ್ಲಾಸ್ಟಿಕ್ ಪ್ಯಾಕೆಟ್ಟಿನೊಳಗೇ ಇರಲಿ, ಬೇಕಾದಾಗ ಒಂದೊಂದೇ ಹೊರಗೆ ಬರಲಿ.

ಪರದೆ ಸರಿಹೋದರೂ ಮುಂಡಾಸಿಗೆ ಇನ್ನೊಂದು ಮದ್ದು ಬೇಕಾಯಿತು. ಅತಿ ಕಪ್ಪಿಗೂ ಅತಿ ಬಿಳಿಗೂ ನಡುವೆ ಪರದೆಯಲ್ಲಿ ಸುಮಾರು 1000 ಪಟ್ಟು ಅಂತರ ಇರುತ್ತದೆ. ಹೊಳಪಿನ ಕಾಗದದಲ್ಲಿ 200ರ ಸುತ್ತಮುತ್ತ, ಮ್ಯಾಟ್ ಕಾಗದದಲ್ಲಿ ಇನ್ನೂ ಕಡಿಮೆ. ಇಕ್ಕಟ್ಟಾಗುವುದು ನೆರಳಿನ ಭಾಗ. ಅದಕ್ಕೆ ಫೋಟೋದ ಆ ತುಣುಕನ್ನಷ್ಟೇ ತೆಗೆದುಕೊಂಡು, ನೆರಳನ್ನು ಮೂರು ಹಂತದಲ್ಲಿ ಎತ್ತಿ, ಒಂದೇ ಎ4 ಹಾಳೆಯಲ್ಲಿ ಮೂರು ಪಟ್ಟಿಗಳಾಗಿ ಪ್ರಿಂಟ್ ತೆಗೆದೆವು. ಚಿತ್ರ ತೂಗುವ ಗೋಡೆಗೇ ಅಂಟಿಸಿ, ರಾತ್ರಿ ಎಂಟಕ್ಕೆ, ಮನೆಯ ದೀಪದಲ್ಲೇ ನೋಡಿದೆವು. ಭಾವನ ತಾಯಿ ಕನ್ನಡಕ ಹಾಕಿಕೊಂಡು ಬಂದು ನಡುವಿನ ಪಟ್ಟಿಯ ಮೇಲೆ ಬೆರಳಿಟ್ಟು ಜರಿಯ ಸುತ್ತು ಎಣಿಸತೊಡಗಿದರು.