ಎಲ್ಲವನ್ನೂ ಗವರ್ನರ್ ತಲೆಗೆ ಕಟ್ಟುವ ಮುನ್ನ

ಬ್ರಿಟಿಷ್ ಕಾಲದ ಕಂದಾಯ ಕಡತಗಳನ್ನು ಓದಿ ಅರ್ಥ ಹೇಳುವುದು ನನ್ನ ಕಸುಬು. ಅಂಕೋಲಾ, ಸಿದ್ದಾಪುರ ಸೀಮೆಯ ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡ ಮನೆತನದವರು ಬರುತ್ತಾರೆ, ಪ್ರಬಂಧ ಬರೆಯುವ ಹುಡುಗರೂ ಬರುತ್ತಾರೆ. ಬಂದವರಲ್ಲಿ ಹೆಚ್ಚಿನವರ ಮೊದಲ ಮಾತು ಒಂದೇ: ‘ಸೈಕ್ಸ್ ಗವರ್ನರ್ ನಮ್ಮ ಗದ್ದೆ ಕಿತ್ತುಕೊಂಡ, ಆ ಆದೇಶ ಹುಡುಕಿಕೊಡಿ.’ ಆ ಒಂದು ಹಾಳೆಯ ಬೆನ್ನು ಹತ್ತಿ ತಿಂಗಳುಗಟ್ಟಲೆ ಕಳೆದವರನ್ನು ನೋಡಿ ನನಗೆ ಸಂಕಟವಾಗುತ್ತದೆ, ಸಿಟ್ಟೂ ಬರುತ್ತದೆ.

ಸರ್ ಫ್ರೆಡರಿಕ್ ಸೈಕ್ಸ್ ಮುಂಬಯಿಯ ಗವರ್ನರ್ ಆಗಿದ್ದದ್ದು 1928ರ ಡಿಸೆಂಬರಿನಿಂದ 1933ರ ಡಿಸೆಂಬರಿನವರೆಗೆ. ಉಪ್ಪಿನ ಸತ್ಯಾಗ್ರಹ, ಕರನಿರಾಕರಣೆ ಎಲ್ಲವೂ ಆ ಐದು ವರ್ಷಗಳಲ್ಲೇ ನಡೆದವು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ನಾಲ್ಕೂ ಜಿಲ್ಲೆಗಳು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಹೀಗಾಗಿ ಹೆಸರು ಸೈಕ್ಸ್‌ಗೆ ಅಂಟಿಕೊಂಡದ್ದು ಸಹಜ.

ಆದರೆ ಗದ್ದೆ ಹೋದ ದಾರಿಯೇ ಬೇರೆ. ಕಂದಾಯ ಕಟ್ಟದಿದ್ದರೆ ಶಾನುಭೋಗರ ಲೆಕ್ಕದಿಂದ ಹೆಸರು ತಾಲೂಕಿನ ಅಧಿಕಾರಿಯಾದ ಮಾಮಲೇದಾರರ ಕಚೇರಿಗೆ ಹೋಗುತ್ತಿತ್ತು. ಅಲ್ಲಿಂದ ನೋಟೀಸು, ಜಪ್ತಿ, ಕೊನೆಗೆ ಲಿಲಾವು, ಅಂದರೆ ಹರಾಜು. ಇದಕ್ಕೆಲ್ಲ 1879ರ ಕಂದಾಯ ಕಾಯ್ದೆಯ ಬಲವಿತ್ತು, ಒಂದೊಂದು ಖಾತೆಗೂ ಗವರ್ನರ್ ರುಜು ಬೇಕಿರಲಿಲ್ಲ. ಕೆಳಗೆ ತೀರ್ಮಾನವಾಗದ ಪ್ರಶ್ನೆಗಳು ಕಾರವಾರದ ಕಲೆಕ್ಟರರಿಂದ ಬೆಳಗಾವಿಯ ಕಮಿಷನರರಿಗೆ, ಅಲ್ಲಿಂದ ಮುಂಬಯಿಯ ಕಂದಾಯ ಇಲಾಖೆಗೆ ಏರುತ್ತಿದ್ದವು. ಅಲ್ಲಿ ಗವರ್ನರ್ ಜೊತೆ ಆಡಳಿತ ನಡೆಸುತ್ತಿದ್ದ ಕಾರ್ಯಕಾರಿ ಮಂಡಳಿಯಲ್ಲಿ ಆ ಇಲಾಖೆ ಹೊತ್ತ ಸದಸ್ಯರೊಬ್ಬರು ಇರುತ್ತಿದ್ದರು. 1919ರ ಕಾಯ್ದೆಯ ಪ್ರಕಾರ ಭೂಕಂದಾಯ, ಪೊಲೀಸು ಎರಡೂ ಈ ಮಂಡಳಿಯ ಕೈಯಲ್ಲೇ ಉಳಿದವು, ಚುನಾಯಿತ ಮಂತ್ರಿಗಳಿಗೆ ಬರಲಿಲ್ಲ. ಮಂಡಳಿಯಲ್ಲಿ ಸಾಮಾನ್ಯವಾಗಿ ಬಹುಮತದ ಮಾತೇ ನಡೆಯಬೇಕು. ಅದನ್ನು ಮೀರುವ ಅಧಿಕಾರ ಗವರ್ನರ್‌ಗೆ ವಿಶೇಷ ಸಂದರ್ಭಗಳಿಗೆಂದು ಇತ್ತು. ಯಾವ ನಿರ್ಧಾರ ಯಾರದು ಎಂದು ತಿಳಿಯಬೇಕಾದರೆ ಹೊರಟ ಪತ್ರ ಸಾಲದು, ಅದರ ಹಿಂದಿನ ಟಿಪ್ಪಣಿ ಹಾಳೆಗಳನ್ನು ಓದಬೇಕು. ಅಂಚಿನಲ್ಲಿ ಯಾರ ಚುಟುಕು ರುಜು ಇದೆ, ಯಾವ ತಾರೀಕು, ಯಾವ ಊರು ಎಂದು ನೋಡಬೇಕು. ಬೇಸಿಗೆಯಲ್ಲಿ ಸರ್ಕಾರ ಮಹಾಬಳೇಶ್ವರದಲ್ಲಿ, ಮಳೆಗಾಲದಲ್ಲಿ ಪುಣೆಯಲ್ಲಿ ಇರುತ್ತಿತ್ತು.

ತಾರೀಕನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 1931ರ ನಡುಭಾಗದಲ್ಲಿ ಸೈಕ್ಸ್ ರಜೆಯ ಮೇಲಿದ್ದರು, ಹಂಗಾಮಿ ಗವರ್ನರ್ ಆಗಿದ್ದವರು ಸರ್ ಅರ್ನೆಸ್ಟ್ ಹಾಟ್ಸನ್. ಜುಲೈ 22ರಂದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ವಾಸುದೇವ ಬಳವಂತ ಗೋಗಟೆ ಎಂಬ ವಿದ್ಯಾರ್ಥಿ ಗುಂಡು ಹಾರಿಸಿದ್ದು ಅವರ ಮೇಲೆ, ಅವರು ಬದುಕಿ ಉಳಿದರು. ಆ ತಿಂಗಳುಗಳ ಕಾಗದಗಳನ್ನೂ ಸೈಕ್ಸ್ ಹೆಸರಿಗೆ ಬರೆದ ಪ್ರಬಂಧಗಳನ್ನು ನಾನು ತಿದ್ದಿದ್ದೇನೆ.

ಒಮ್ಮೆ ಸಿದ್ದಾಪುರ ಕಡೆಯ ಅಜ್ಜಿಯೊಬ್ಬರು ಮೊಮ್ಮಗನ ಜೊತೆ ಬಂದಿದ್ದರು. ‘ತಮಾ, ರಾಜಿ ಆದ ಮೇಲೂ ನಮ್ಮ ಜಮೀನು ಯಾಕೆ ಬರಲಿಲ್ಲ?’ ಅಂದರು. ಇಷ್ಟು ನೇರವಾದ ಪ್ರಶ್ನೆಯನ್ನು ಪ್ರಬಂಧದ ಹುಡುಗರು ಕೇಳಿದ್ದಿಲ್ಲ. ಇದಕ್ಕೆ ಉತ್ತರವಿರುವುದು ಮುಂಬಯಿಯಲ್ಲಲ್ಲ, ದೆಹಲಿಯಲ್ಲಿ. 1931ರ ಮಾರ್ಚ್ 5ರ ಗಾಂಧಿ-ಇರ್ವಿನ್ ಒಪ್ಪಂದದಲ್ಲಿ, ಸರ್ಕಾರದ ವಶದಲ್ಲೇ ಉಳಿದ ಜಮೀನಿಗೆ ಒಂದು ದಾರಿ, ಲಿಲಾವಿನಲ್ಲಿ ಬೇರೆಯವರ ಪಾಲಾದ ಜಮೀನಿಗೆ ಇನ್ನೊಂದು ದಾರಿ. ಬೇರೆಯವರು ಕೊಂಡದ್ದು ಸರ್ಕಾರದ ಮಟ್ಟಿಗೆ ಮುಗಿದ ವ್ಯವಹಾರ. ಕರನಿರಾಕರಣೆ ಮತ್ತೆ ಶುರುವಾದಾಗ ಸಿದ್ದಾಪುರದ ಹೆಂಗಸರು ಕಚೇರಿಯ ಮುಂದಲ್ಲ, ಜಮೀನು ಕೊಂಡವರ ಮನೆ ಮುಂದೆ ಉಪವಾಸ ಕೂತದ್ದು ಯಾಕೆ ಎಂಬುದು ಇದರಿಂದ ತಿಳಿಯುತ್ತದೆ. ಒಮ್ಮೆ ಕೊಂಡವರ ಹೆಸರಿಗೆ ಹೋದರೆ ಜಮೀನು ತಿರುಗಿ ಬರುವುದು ಎಷ್ಟು ಕಷ್ಟವೆಂದು ಅವರಿಗೆ ಗೊತ್ತಿತ್ತು. ಅಜ್ಜಿ ಇದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಇಷ್ಟು ಹೇಳಿದರೆ ಕೆಲವರು ‘ಹಾಗಾದರೆ ಗವರ್ನರ್ ನಿರ್ದೋಷಿಯೋ?’ ಎಂದು ಮುನಿಯುತ್ತಾರೆ. ಖಂಡಿತ ಅಲ್ಲ. ಸರ್ಕಾರ ಅವರ ಹೆಸರಿನಲ್ಲೇ ನಡೆಯಿತು, ಲಾಠಿಯೂ ಜಪ್ತಿಯೂ ಅವರ ಹೊಣೆಯೇ. ವ್ಯಕ್ತಿಯ ಕೈವಾಡ ಎದ್ದು ಕಾಣುವ ಪ್ರಸಂಗಗಳೂ ಉಂಟು. 1918ರ ಜೂನ್‌ನಲ್ಲಿ ಮುಂಬಯಿಯ ಯುದ್ಧ ಸಮ್ಮೇಳನದಲ್ಲಿ ಟಿಳಕರ ಮಾತನ್ನು ನಡುವೆಯೇ ತಡೆದವರು ಗವರ್ನರ್ ವಿಲಿಂಗ್ಡನ್ ಸ್ವತಃ, ಟಿಳಕರು ಸಭೆ ಬಿಟ್ಟು ಹೊರನಡೆದರು. ಅದೇ ವಿಲಿಂಗ್ಡನ್ ದೆಹಲಿಯಲ್ಲಿ ವೈಸರಾಯ್ ಆಗಿದ್ದಾಗ 1932ರ ಸುಗ್ರೀವಾಜ್ಞೆಗಳು ಬಂದವು. ಆ ವರ್ಷದ ದಸ್ತಗಿರಿಗಳ ಬಗ್ಗೆ ಬರೆಯುವವರು ಮುಂಬಯಿ ಕಡತಗಳಷ್ಟನ್ನೇ ನಂಬಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಪ್ರತಿ ಪ್ರಕರಣವೂ ಬೇರೆಯಾದ್ದರಿಂದ ನಿಮ್ಮ ಕಾಗದ ನೋಡದೆ ನಾನು ಏನನ್ನೂ ಖಚಿತವಾಗಿ ಹೇಳಲಾರೆ.

ಬರುವಾಗ ಊರಿನ ಹೆಸರು, ಹಳೆಯ ಸರ್ವೆ ನಂಬರು, ಆಗಿನ ಖಾತೆದಾರರ ಪೂರ್ತಿ ಹೆಸರು ತನ್ನಿ. 1937ರಲ್ಲಿ ಬಿ.ಜಿ. ಖೇರ್ ಮಂತ್ರಿಮಂಡಲ ಬಂದ ಮೇಲೆ ಕಳೆದುಹೋದ ಜಮೀನು ಹಿಂದಿರುಗಿಸುವ ಕೆಲಸ ನಡೆಯಿತು. ಮನೆಯಲ್ಲಿ ಆ ಕಾಲದ ಕಾಗದವೇನಾದರೂ ಇದ್ದರೆ ಅದನ್ನು ಮೊದಲು ತೋರಿಸಿ, ಅಲ್ಲಿಂದ ಹಿಂದಕ್ಕೆ ಹುಡುಕುವುದು ಸುಲಭ.