ಯಂತ್ರಕ್ಕೆ ಸಾಲವುಂಟು, ದಾಸ್ತಾನಿಗಿಲ್ಲ: ಮಲೆನಾಡಿನ ಸಣ್ಣ ಉದ್ದಿಮೆಯ ಹಿನ್ನೆಲೆ

ಶಿವಮೊಗ್ಗ ಜಿಲ್ಲೆಯ ಉದ್ದಿಮೆಯ ಮಾತು ಬಂದರೆ ಎಲ್ಲರ ಬೆರಳೂ ಮೊದಲು ಭದ್ರಾವತಿಯ ಕಡೆ ಹೋಗುತ್ತದೆ. ಕೆಮ್ಮಣ್ಣುಗುಂಡಿಯ ಅದಿರಿಗೆ ಮಲೆನಾಡಿನ ಕಾಡಿನ ಇದ್ದಿಲು ಸೇರಿಸಿ 1923ರಲ್ಲಿ ಕಬ್ಬಿಣ ತೆಗೆಯಲು ಶುರುಮಾಡಿದ ಮೈಸೂರು ಸಂಸ್ಥಾನದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ, ಇವೆರಡರ ಏಳುಬೀಳನ್ನೇ ಜಿಲ್ಲೆಯ ಆರ್ಥಿಕ ಚರಿತ್ರೆ ಎಂದು ಬರೆಯುವುದು ರೂಢಿ. ಕಾಗದ ಕಾರ್ಖಾನೆಯ ಯಂತ್ರಗಳು 2015ರ ಹೊತ್ತಿಗೆ ನಿಂತವು. ಕಬ್ಬಿಣದ ಕಾರ್ಖಾನೆ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರ ಹೋರಾಟದ ನಂತರ ಅದೇ ವರ್ಷ ಒಂದಿಷ್ಟು ರೋಲಿಂಗ್ ಕೆಲಸ ಮತ್ತೆ ಶುರುವಾಯಿತು. ಭದ್ರಾವತಿ ಊರಿಗೆ ಬಿದ್ದ ಪೆಟ್ಟು ದೊಡ್ಡದೇ. ಆದರೂ ಜಿಲ್ಲೆಯ ಸಂತೆ ನಿಲ್ಲಲಿಲ್ಲ. ಅಡಿಕೆ ಮಂಡಿ, ಅಕ್ಕಿ ಗಿರಣಿ, ಮಾಚೇನಹಳ್ಳಿಯ ಎರಕದ ಘಟಕ, ಸಾಗರ ಸೀಮೆಯ ಉಪ್ಪಿನಕಾಯಿ ಮನೆ, ಊರೂರಿನ ಲೇತ್ ಅಂಗಡಿ, ಬಟವಾಡೆಯ ದಿನ ನಾಲ್ಕೈದು ಕೈಗಳು ಮಾತ್ರ ಮುಂದೆ ಬರುವ ಇಂಥ ಜಾಗಗಳೇ ದುಡ್ಡನ್ನು ಊರೊಳಗೆ ಓಡಾಡಿಸಿದವು.

ರಾಜ್ಯದ ಮಟ್ಟದಲ್ಲೂ ಚಿತ್ರ ಇದೇ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2015-16ರ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಕೃಷಿಯ ಹೊರತಾದ ಕಿರು, ಸಣ್ಣ, ಮಧ್ಯಮ ಉದ್ದಿಮೆಗಳು ಸುಮಾರು 38 ಲಕ್ಷ. ಇಡೀ ದೇಶದಲ್ಲಿ 6.3 ಕೋಟಿ. ಅದರಲ್ಲಿ ‘ಸಣ್ಣ’ ಎನಿಸಿಕೊಳ್ಳುವಷ್ಟು ದೊಡ್ಡವು ಮೂರು ಲಕ್ಷ ಚಿಲ್ಲರೆ, ‘ಮಧ್ಯಮ’ ಸುಮಾರು ಐದು ಸಾವಿರ. ಉಳಿದವೆಲ್ಲ ಕಿರು. ಹಾಗಾಗಿ ಸಣ್ಣ ಉದ್ದಿಮೆಯ ನೀತಿ ಎಂದರೆ ಬಹುಪಾಲು ಒಬ್ಬ ಯಜಮಾನ, ಮನೆಯ ಇಬ್ಬರು, ಕೂಲಿಯ ಒಂದೆರಡು ಜನ ಇರುವ ಜಾಗದ ನೀತಿ.

ಈ ಜಾಗಗಳು ಎಲ್ಲಿ ಕೈಸೋಲುತ್ತವೆ ಎಂಬುದನ್ನು ಸರ್ಕಾರ ಬಹುಕಾಲ ಬೇರೆಲ್ಲೋ ಹುಡುಕಿತು. ಉದ್ದಿಮೆಯ ಗಾತ್ರವನ್ನು ಅಳೆದದ್ದು ಯಂತ್ರದ ಬೆಲೆಯಿಂದ, ನೆರವು ಕೊಟ್ಟದ್ದೂ ಯಂತ್ರಕ್ಕೆ, ಷೆಡ್ಡಿಗೆ, ನಿವೇಶನಕ್ಕೆ. ಮಲೆನಾಡಿನಲ್ಲಿ ಬಾಗಿಲು ಹಾಕಿದ ಘಟಕಗಳಲ್ಲಿ ಯಂತ್ರ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಇಲ್ಲದ್ದು ಓಡುವ ದುಡ್ಡು. ಖರ್ಚು ಇವತ್ತಿನದು, ವಸೂಲಿ ನಾಲ್ಕು ತಿಂಗಳ ಮೇಲಿನದು.

ಇದನ್ನು ಮೊದಲು ಅರ್ಥಮಾಡಿಕೊಂಡದ್ದು ಅಡಿಕೆಯವರು. ಕೆಂಪಡಿಕೆಯ ಕೆಲಸದ ಲೆಕ್ಕ ನೋಡಿದರೆ ಕಾರಣ ತಿಳಿಯುತ್ತದೆ. ಮಳೆ ಹಿಂದಾಗುತ್ತಿದ್ದಂತೆ ಕೊಯ್ಲು ಶುರು, ಜನವರಿ ತನಕ ಎರಡು ಮೂರು ಸುತ್ತು. ಹಸಿರಿರುವಾಗಲೇ ಕೊನೆ, ಅಂದರೆ ಅಡಿಕೆ ಗೊಂಚಲು, ಇಳಿಸಬೇಕು. ಎಳೆಯದು ‘ಸರಕು’ ಆಗಿ ಒಳ್ಳೆಯ ದರ ತರುತ್ತದೆ, ಆದರೆ ತೂಕ ಕಡಿಮೆ. ಹದವಾಗಿ ಬಲಿತದ್ದು ‘ಬೆಟ್ಟೆ’, ‘ರಾಶಿ’. ತಡವಾಗಿ ಹಣ್ಣಿನತ್ತ ತಿರುಗಿದ್ದು ‘ಗೊರಬಲು’, ದರ ಅರ್ಧಕ್ಕಿಂತ ಕೆಳಗೆ ಹೋಗುವುದೂ ಉಂಟು. ಇಳಿಸಿದ ಕೊನೆಯನ್ನು ಅಂದು ಅಥವಾ ಮರುದಿನ ಸುಲಿಯಬೇಕು. ಗುಡ್ಡೆ ಹಾಕಿ ಇಟ್ಟರೆ ಕಾವು ಏರಿ ಬಣ್ಣ ಕೆಡುತ್ತದೆ. ಸುಲಿದದ್ದನ್ನು ಹಂಡೆಯಲ್ಲಿ ಚೊಗರು (ಹಿಂದೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಹಾಕಿ ಬೇಯಿಸಬೇಕು. ಅಡಿಕೆಯ ಕಣ್ಣು ಕಳಚಿ, ಚುಚ್ಚಿದರೆ ಸಲೀಸಾಗಿ ಒಳಹೋದರೆ ಬೆಂದಿದೆ ಎಂದು ಅರ್ಥ. ಆಮೇಲೆ ಚಪ್ಪರದ ಮೇಲೆ ಆರೇಳು ಒಳ್ಳೆಯ ಬಿಸಿಲು. ನಡುವೆ ಮೋಡ ಕವಿದರೆ ಬೂಷ್ಟು, ಬೂಷ್ಟು ಬಂದರೆ ದರ್ಜೆ ಇಳಿಯಿತು. ಒಂದು ಕ್ವಿಂಟಲ್ ಹಸಿ ಅಡಿಕೆಗೆ ಕೈಗೆ ಸಿಗುವ ಒಣ ಅಡಿಕೆ 12ರಿಂದ 14 ಕಿಲೋ.

ತೋಟದವರು ಇದನ್ನೆಲ್ಲ ತಾವೇ ಮಾಡದೆ ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಡುವುದು ವಾಡಿಕೆ. ಚೇಣಿದಾರನೆಂದರೆ ಅಪ್ಪಟ ಸಣ್ಣ ಉದ್ದಿಮೆದಾರ. ಕ್ವಿಂಟಲ್ ಹಸಿಗೆ ಇಷ್ಟು ಕಿಲೋ ಒಣ ಅಡಿಕೆ ಎಂದೋ, ಇಷ್ಟು ದುಡ್ಡೆಂದೋ ಮೊದಲೇ ಮಾತಾಗಿರುತ್ತದೆ. 13 ಕಿಲೋ ಕೊಡುತ್ತೇನೆಂದು ಒಪ್ಪಿ, ಎಳೆಯ ಕಾಯಿ ಹೆಚ್ಚು ಬಂದು 12 ಇಳಿದರೆ ಉಳಿದದ್ದು ಅವನ ಕೈಯಿಂದ ಹೋಗುತ್ತದೆ. ಕೊನೆಗಾರರಿಗೆ, ಸುಲಿತಕ್ಕೆ, ಸೌದೆಗೆ, ಗಾಡಿಗೆ ವಾರವಾರ ಬಟವಾಡೆ. ಸುಲಿಯುವ ಯಂತ್ರ ಬಂದಮೇಲೆ ಮೆಟ್ಟುಗತ್ತಿಯ ಮುಂದೆ ರಾತ್ರಿಯಿಡೀ ಕೂರುವ ಜನ ಸಿಗದ ತಾಪತ್ರಯ ಕಡಿಮೆಯಾಯಿತು ನಿಜ. ಆದರೆ ಯಂತ್ರ ಕೆಲಸವನ್ನು ಚುರುಕು ಮಾಡಿತೇ ಹೊರತು ದುಡ್ಡು ತಿರುಗುವ ಕಾಲವನ್ನು ಕಡಿಮೆ ಮಾಡಲಿಲ್ಲ. ಕೊಯ್ಲಿನ ಉತ್ತುಂಗದಲ್ಲಿ ಎಲ್ಲರೂ ಒಟ್ಟಿಗೆ ಮಂಡಿಗೆ ಹೋದರೆ ದರ ಕುಸಿಯುತ್ತದೆ. ಕಾಯಬಲ್ಲವನಿಗೆ ಲಾಭ. ಕಾಯಲು ಬೇಕಾದದ್ದು ಕೈಯಲ್ಲಿ ದುಡ್ಡು.

ಹಿಂದೆ ಆ ದುಡ್ಡು ಬರುತ್ತಿದ್ದದ್ದು ಮಂಡಿ ಸಾಹುಕಾರರಿಂದ. ಮಳೆಗಾಲದ ಅಕ್ಕಿಗೆ, ಮದುವೆಗೆ, ತೋಟದ ಔಷಧಿ ಹೊಡೆಯಲು ಮುಂಗಡ. ಬದಲಿಗೆ ಬೆಳೆ ಅದೇ ಮಂಡಿಗೆ. ದರ್ಜೆ ಹೇಳುವವನೂ, ತೂಗುವವನೂ, ಬಡ್ಡಿ ಬರೆಯುವವನೂ ಒಬ್ಬನೇ ಆದಾಗ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಇದಕ್ಕೆ ಉತ್ತರವಾಗಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ 1923ರಲ್ಲಿ ಹುಟ್ಟಿತು, ಭದ್ರಾವತಿಯಲ್ಲಿ ಕುಲುಮೆ ಹೊತ್ತಿದ ವರ್ಷವೇ. ಶಿವಮೊಗ್ಗದಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ಎಲ್ಲರ ಬಾಯಲ್ಲಿ ಮ್ಯಾಮ್‌ಕೋಸ್, 1939ರಲ್ಲಿ ಬಂತು. ಮಂಗಳೂರಿನ ಕ್ಯಾಂಪ್ಕೋ 1973ರದು. ಈ ಸಂಘಗಳು ಮಾಡಿದ ಕೆಲಸ ಕೇಳಲು ಸರಳ: ಮೂಟೆಯನ್ನು ವಖಾರಿಯಲ್ಲಿ ಇಳಿಸಿಕೊಳ್ಳುವುದು, ದರ್ಜೆ ಕಟ್ಟುವುದು, ಮೌಲ್ಯದ ಒಂದು ಪಾಲನ್ನು ತಕ್ಷಣ ಮುಂಗಡ ಕೊಡುವುದು, ಟೆಂಡರಿನಲ್ಲಿ ದರ ಬಂದಾಗ ಮಾರಿ ಲೆಕ್ಕ ಚುಕ್ತಾ ಮಾಡುವುದು. ದಾಸ್ತಾನನ್ನೇ ಆಧಾರವಾಗಿಟ್ಟುಕೊಂಡು ದುಡ್ಡು ಕೊಟ್ಟರು. ಮಲೆನಾಡಿನ ಅರ್ಥವ್ಯವಸ್ಥೆಗೆ ಕಳೆದ ಶತಮಾನದಲ್ಲಿ ಯಾವುದೇ ಕಾರ್ಖಾನೆಗಿಂತ ಹೆಚ್ಚು ಉಪಕಾರ ಮಾಡಿದ್ದು ಈ ಏರ್ಪಾಟು ಎಂದರೆ ತಪ್ಪಲ್ಲ.

ಸರ್ಕಾರದ ನೀತಿ ಮಾತ್ರ ಬೇರೆ ದಾರಿ ಹಿಡಿಯಿತು. 1955ರ ಹೊತ್ತಿನ ವ್ಯಾಖ್ಯೆಯಲ್ಲಿ ಬಂಡವಾಳ 5 ಲಕ್ಷ ರೂಪಾಯಿಗಿಂತ ಕಡಿಮೆ, ವಿದ್ಯುತ್ ಬಳಸಿದರೆ ಕೆಲಸಗಾರರು 50ಕ್ಕಿಂತ ಕಡಿಮೆ, ಬಳಸದಿದ್ದರೆ 100ಕ್ಕಿಂತ ಕಡಿಮೆ ಇರಬೇಕಿತ್ತು. 1960ರಲ್ಲಿ ಕೆಲಸಗಾರರ ಲೆಕ್ಕ ಬಿಟ್ಟರು. 1966ರಲ್ಲಿ ಬಂಡವಾಳದ ಮಿತಿ ಏಳೂವರೆ ಲಕ್ಷವಾಯಿತು. ರಾಜ್ಯದಲ್ಲಿ ಹಣಕಾಸು ನಿಗಮ 1959ರಲ್ಲಿ, ಸಣ್ಣ ಕೈಗಾರಿಕಾ ಅಭಿವೃದ್ಧಿ ನಿಗಮ 1960ರಲ್ಲಿ, ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ 1966ರಲ್ಲಿ ಬಂದವು. ಜಿಲ್ಲಾ ಕೈಗಾರಿಕಾ ಕೇಂದ್ರಗಳು 1978ರಲ್ಲಿ. ಒಂದು ಯಂತ್ರಕ್ಕೆ ಸಾಲ ಕೊಟ್ಟಿತು, ಇನ್ನೊಂದು ಷೆಡ್ಡು ಕಟ್ಟಿಕೊಟ್ಟಿತು, ಮತ್ತೊಂದು ನಿವೇಶನ ಹಂಚಿತು. 1967ರಿಂದ ಕೆಲವು ಸಾಮಾನುಗಳ ತಯಾರಿಕೆಯನ್ನು ಸಣ್ಣವರಿಗೇ ಮೀಸಲಿಟ್ಟರು. ಪಟ್ಟಿ ಬೆಳೆಯುತ್ತ ಹೋಗಿ, ಉದಾರೀಕರಣದ ನಂತರ ಕರಗುತ್ತ ಬಂದು, ಕೊನೆಯ 20 ಸಾಮಾನುಗಳ ಮೀಸಲು 2015ರ ಏಪ್ರಿಲ್‌ನಲ್ಲಿ ರದ್ದಾಯಿತು.

ಓಡುವ ದುಡ್ಡಿನ ಪ್ರಶ್ನೆಯನ್ನು ಬ್ಯಾಂಕುಗಳು ಗಂಭೀರವಾಗಿ ತೆಗೆದುಕೊಂಡದ್ದು ರಿಸರ್ವ್ ಬ್ಯಾಂಕ್ ನೇಮಿಸಿದ ನಾಯಕ್ ಸಮಿತಿ 1992ರಲ್ಲಿ ವರದಿ ಕೊಟ್ಟ ಮೇಲೆ. ಅದರ ಸೂತ್ರ ಇವತ್ತಿಗೂ ಶಾಖೆಗಳಲ್ಲಿ ನಡೆಯುತ್ತದೆ: ವರ್ಷದ ಅಂದಾಜು ವಹಿವಾಟಿನ ಕಾಲುಭಾಗ ದುಡಿಯುವ ಬಂಡವಾಳ ಬೇಕು, ಅದರಲ್ಲಿ ವಹಿವಾಟಿನ ಶೇ. 20 ಬ್ಯಾಂಕಿನದು, ಶೇ. 5 ಮಾಲೀಕನದು. ಒಂದು ಕೋಟಿ ವಹಿವಾಟಿಗೆ 20 ಲಕ್ಷ ಸಾಲ, 5 ಲಕ್ಷ ಸ್ವಂತದ್ದು. ಸೂತ್ರದೊಳಗೆ ಒಂದು ಊಹೆ ಅಡಗಿದೆ: ದುಡ್ಡು ವರ್ಷಕ್ಕೆ ನಾಲ್ಕು ಸಲ ತಿರುಗುತ್ತದೆ, ಅಂದರೆ ಮೂರು ತಿಂಗಳಿಗೊಮ್ಮೆ ವಾಪಸು ಬರುತ್ತದೆ. ಮಲೆನಾಡಿನ ಅರ್ಧ ಉದ್ದಿಮೆಗಳಿಗೆ ಈ ಊಹೆ ಹೊಂದುವುದಿಲ್ಲ.

ಅಪ್ಪೆಮಿಡಿ ಉಪ್ಪಿನಕಾಯಿ ನೋಡಿ. ಮಿಡಿ ಸಿಗುವುದು ಬೇಸಿಗೆಯ ಎರಡು ತಿಂಗಳು. ಮರ ಅಲುಗಿಸಿ ಬೀಳಿಸಿದ ಮಿಡಿಗೆ ಪೆಟ್ಟು ಬಿದ್ದು ಭರಣಿಯಲ್ಲಿ ಮೆತ್ತಗಾಗುತ್ತದೆ; ತೊಟ್ಟು ಸಮೇತ ಕೈಯಲ್ಲಿ ಕೊಯ್ದದ್ದಕ್ಕೆ ದರ ಹೆಚ್ಚು. ತಂದ ದಿನವೇ ತೊಳೆದು, ನೀರಾರಿಸಿ, ಕಲ್ಲುಪ್ಪಿನ ಜೊತೆ ಪದರಪದರವಾಗಿ ತುಂಬಬೇಕು. ಉಪ್ಪುನೀರು ಬಿಟ್ಟಮೇಲೆ ಎಲ್ಲ ಮಿಡಿಯೂ ಅದರಲ್ಲಿ ಮುಳುಗಿರಬೇಕು, ಮೇಲೆ ತೇಲಿದ್ದು ಮೊದಲು ಕೆಡುತ್ತದೆ. ಮುರುಟಿದ ಮಿಡಿಗೆ, ಕುದಿಸಿ ಆರಿಸಿದ ಉಪ್ಪುನೀರಿನಲ್ಲೇ ಸಾಸಿವೆ, ಮೆಣಸು ಅರೆದು ಬೆರೆಸುವುದು ಆಮೇಲಿನ ಕೆಲಸ. ಎರಡು ತಿಂಗಳಲ್ಲಿ ವರ್ಷವಿಡೀ ಮಾರುವಷ್ಟು ಮಿಡಿ ಕೊಂಡು ಮುಗಿಸಬೇಕು. ಇಲ್ಲಿ ದುಡ್ಡು ತಿರುಗುವುದು ವರ್ಷಕ್ಕೆ ಒಂದೇ ಸಲ. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಯೋಜನೆ ಶೇ. 35 ಸಹಾಯಧನ ಕೊಡುತ್ತದೆ, ಕರ್ನಾಟಕ ತನ್ನ ಕಡೆಯಿಂದ ಶೇ. 15 ಸೇರಿಸಿ ಅದನ್ನು ಅರ್ಧಕ್ಕೇರಿಸಿದೆ, ಗರಿಷ್ಠ 15 ಲಕ್ಷ. ಒಳ್ಳೆಯ ಯೋಜನೆಯೇ. ಆದರೆ ಸಹಾಯಧನ ಸಿಗುವುದು ಗ್ರೈಂಡರಿಗೆ, ಪ್ಯಾಕಿಂಗ್ ಯಂತ್ರಕ್ಕೆ. ಮಿಡಿ ಕೊಳ್ಳಲು ಚಿನ್ನ ಅಡವಿಡುವುದು ತಪ್ಪಿಲ್ಲ.

ಗಂಧದ ಕೆತ್ತನೆ ಮಾಡುವ ಸಾಗರ, ಸೊರಬದ ಗುಡಿಗಾರರ ತೊಂದರೆ ಬೇರೆ ಬಗೆಯದು. ಅವರಿಗೆ ಕೊಳ್ಳುವವರಿದ್ದಾರೆ, ಗಂಧದ ಮರ ಸಾಲದು.

ಇನ್ನು ಎರಕ. ಭದ್ರಾವತಿ ಕಲಿಸಿದ ಕೈಗಳು ಶಿವಮೊಗ್ಗದ ಆಸುಪಾಸು ಸ್ವಂತ ಕುಲುಮೆ, ಯಂತ್ರಗಾರಿಕೆಯ ಅಂಗಡಿ ಇಟ್ಟವು. ಈಗ ಅವರ ಗಿರಾಕಿಗಳು ವಾಹನ, ಪಂಪು, ಟ್ರ್ಯಾಕ್ಟರ್ ತಯಾರಿಸುವ ದೊಡ್ಡ ಕಂಪನಿಗಳು. ಒಂದು ಟನ್ ಕಬ್ಬಿಣ ಕರಗಿಸಲು ಇಂಡಕ್ಷನ್ ಕುಲುಮೆಗೆ ಸುಮಾರು 600 ಯೂನಿಟ್ ವಿದ್ಯುತ್ ಬೇಕು. ಕುಲುಮೆ ನಿಂತ ತಿಂಗಳಲ್ಲೂ ವಿದ್ಯುತ್ ಬಿಲ್ಲಿನ ಬೇಡಿಕೆ ಶುಲ್ಕ (ಮಂಜೂರಾದ ಹೊರೆಗೆ ಕಟ್ಟುವುದು) ನಿಲ್ಲುವುದಿಲ್ಲ. ಅಚ್ಚಿನ ಮರಳಿನಲ್ಲಿ ತೇವ ಶೇ. 3ರಿಂದ 4ರ ಆಸುಪಾಸು ಇರಬೇಕು. ಮಲೆನಾಡಿನ ಜಡಿಮಳೆಯಲ್ಲಿ ಅದು ಏರಿದರೆ ಆವಿ ಎರಕದೊಳಗೆ ಸಿಕ್ಕಿ ಗುಳ್ಳೆತೂತು ಬೀಳುತ್ತದೆ. ನೆನೆದ ಗುಜರಿಯನ್ನು ಹಾಗೇ ಕುಲುಮೆಗೆ ಹಾಕಿದರೆ ಲೋಹ ಸಿಡಿದು ಜೀವಕ್ಕೇ ಅಪಾಯ. ಎಸ್‌ಜಿ ಎಂಬ, ಸುಲಭವಾಗಿ ಒಡೆಯದ ಎರಕದ ಕಬ್ಬಿಣಕ್ಕೆ ಮೆಗ್ನೀಷಿಯಂ ಬೆರೆಸಿದ ಮೇಲೆ ಹತ್ತು ನಿಮಿಷದೊಳಗೆ ಸುರಿದು ಮುಗಿಸಬೇಕು, ತಡವಾದರೆ ಅದರ ಗುಣ ಇಳಿದು ಎರಕ ಪೆಡಸಾಗುತ್ತದೆ. ಇದರಲ್ಲಿ ಬಹಳಷ್ಟು ದೋಷ ಕಾಣುವುದು ಗಿರಾಕಿಯ ಮನೆಯಲ್ಲಿ, ತುಣುಕನ್ನು ಕೊರೆದಾಗ. ಆಗ ಮಾಲು ವಾಪಸು, ಜೊತೆಗೆ ಬಾಕಿಯಲ್ಲಿ ದುಡ್ಡು ಮುರಿದುಕೊಳ್ಳುವ ಡೆಬಿಟ್ ನೋಟು.

ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ತಿಂಗಳಿಗೆ 40 ಟನ್, ಕಿಲೋಗೆ 100 ರೂಪಾಯಿ, ಬಿಲ್ಲು 40 ಲಕ್ಷ. ಗಿರಾಕಿ 90 ದಿನಕ್ಕೆ ಕೊಡುತ್ತಾನೆ. ಹೊರಗೇ 1 ಕೋಟಿ 20 ಲಕ್ಷ ಕೂತಿತು. ಕಚ್ಚಾ ಮಾಲು, ಕೆಲಸದಲ್ಲಿರುವ ಮಾಲು ಸೇರಿ ಇನ್ನೊಂದು ತಿಂಗಳು. ನಾಲ್ಕು ತಿಂಗಳಿಗೊಮ್ಮೆ ತಿರುಗುವ ದುಡ್ಡಿಗೆ ಮೂರು ತಿಂಗಳ ಸೂತ್ರದ ಸಾಲ. ಇದರ ಮೇಲೆ ಜಿಎಸ್‌ಟಿ. ಎರಕಕ್ಕೆ ಶೇ. 18, ಗಿರಾಕಿ ಕೊಟ್ಟಿರಲಿ ಬಿಡಲಿ, ತಿಂಗಳ ರಿಟರ್ನ್ ಸಲ್ಲಿಸುವವರು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಸಾಲದ ಮಿತಿ ಮೀರಿದ್ದನ್ನು ತುಂಬುವುದು ಗುಜರಿ ವ್ಯಾಪಾರಿಯ ಉದ್ರಿ, ಚೀಟಿ, ಕೈಸಾಲ. ಹಳೆಯ ಮಂಡಿ ಮುಂಗಡ ಬೇರೆ ವೇಷದಲ್ಲಿ ಮತ್ತೆ ಬಂತು.

ಬಾಕಿಯ ವಿಷಯದಲ್ಲಿ ಮೊದಲ ಕಾನೂನು 1993ರದು, ತಡವಾದ ಪಾವತಿಗೆ ಬಡ್ಡಿ ಕೊಡಿಸುವುದು. ಅದನ್ನು 2006ರ ಕಿರು, ಸಣ್ಣ, ಮಧ್ಯಮ ಉದ್ದಿಮೆ ಅಭಿವೃದ್ಧಿ ಕಾಯ್ದೆ ತನ್ನೊಳಗೆ ಸೇರಿಸಿಕೊಂಡಿತು. 2020ರ ಜುಲೈ 1ರಿಂದ ಯಂತ್ರದ ಬೆಲೆಯ ಜೊತೆ ವಹಿವಾಟೂ ಅಳತೆಗೆ ಬಂತು, ಅಂದಿನಿಂದಲೇ ಈ ಉದ್ದಿಮೆಗಳಿಗೆ ‘ಉದ್ಯಮ್’ ಎಂಬ ಸರ್ಕಾರಿ ನೋಂದಣಿ. 2025ರ ಏಪ್ರಿಲ್ 1ರಿಂದ ಕಿರು ಎಂದರೆ ಯಂತ್ರ ಎರಡೂವರೆ ಕೋಟಿ, ವಹಿವಾಟು 10 ಕೋಟಿಯೊಳಗೆ. ಸಣ್ಣ ಎಂದರೆ 25 ಕೋಟಿ, 100 ಕೋಟಿ.

ಕಾಯ್ದೆ ಹೇಳುವುದು ಇಷ್ಟು: ಲಿಖಿತ ಒಪ್ಪಂದವಿಲ್ಲದಿದ್ದರೆ ಮಾಲು ಒಪ್ಪಿದ 15 ದಿನದೊಳಗೆ, ಒಪ್ಪಂದವಿದ್ದರೂ 45 ದಿನ ಮೀರದಂತೆ ದುಡ್ಡು ಕೊಡಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ 6 ಇದ್ದರೆ ಬಡ್ಡಿ 18. ದೂರು ಹೋಗಬೇಕಾದದ್ದು ಇಂಥ ಬಾಕಿಯ ತಕರಾರು ತೀರಿಸುವ ಸೌಲಭ್ಯ ಮಂಡಳಿಗೆ; 2017ರಿಂದ ಆನ್‌ಲೈನಿನಲ್ಲೇ ಸಲ್ಲಿಸಬಹುದು. ಮಂಡಳಿಯ ತೀರ್ಪನ್ನು ಪ್ರಶ್ನಿಸಲು ಹೋಗುವ ಕೊಳ್ಳುಗ ಮೊದಲು ಶೇ. 75 ಠೇವಣಿ ಇಡಬೇಕು. ಹಲ್ಲಿರುವ ಕಾನೂನು.

ಎಡವುವುದು ಸಣ್ಣ ವಿಷಯಗಳಲ್ಲಿ. ಆರ್ಡರ್ ಬಂದಮೇಲೆ, ಜಗಳ ಶುರುವಾದಮೇಲೆ ಉದ್ಯಮ್ ನೋಂದಣಿ ಮಾಡಿಸುವವರೇ ಹೆಚ್ಚು. ಒಪ್ಪಂದಕ್ಕೆ ಮುಂಚೆ ನೋಂದಣಿ ಇತ್ತೇ ಎಂಬುದೇ ನ್ಯಾಯಾಲಯದಲ್ಲಿ ವಾದದ ವಸ್ತುವಾಗುತ್ತದೆ. ಮೊದಲೇ ಮಾಡಿಸಿ, ಪ್ರತಿ ಬಿಲ್ಲಿನ ಮೇಲೂ ಸಂಖ್ಯೆ ಅಚ್ಚುಹಾಕಿಸುವುದು ಕ್ಷೇಮ. ಮಾಲು ಇಳಿಸಿದ ದಿನ ಗೇಟಿನಲ್ಲಿ ತಾರೀಖಿನ ಸಮೇತ ಸಹಿ ಪಡೆಯದಿದ್ದರೆ 45 ದಿನ ಎಣಿಸುವುದು ಎಲ್ಲಿಂದ ಎಂಬ ತಕರಾರು ಬರುತ್ತದೆ. ಕೊಳ್ಳುಗ 15 ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪಿಸದಿದ್ದರೆ ಮಾಲು ತಲುಪಿದ ದಿನವೇ ಒಪ್ಪಿದ ದಿನ. ಹಾಗಾಗಿ ಫೋನಿನಲ್ಲಿ ಹೇಳಿದ ದೂರಿಗೆ ಇಮೇಲಿನಲ್ಲಿ ಉತ್ತರ ಬರೆದಿಡಬೇಕು. ಇನ್ನೊಂದು, ಅಡಿಕೆ ಮಂಡಿಯಂಥ ಬರಿಯ ವ್ಯಾಪಾರಕ್ಕೆ 2021ರಿಂದ ಉದ್ಯಮ್ ನೋಂದಣಿ ಸಿಗುತ್ತದೆ, ಆದರೆ ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ ಮಾತ್ರ. 45 ದಿನದ ರಕ್ಷಣೆ ತಯಾರಿಕೆ ಮತ್ತು ಸೇವೆಗೆ.

ಇಷ್ಟಿದ್ದೂ ದೂರು ಕೊಡುವವರು ವಿರಳ. ಎರಕದ ಘಟಕವೊಂದಕ್ಕೆ ಇರುವ ಗಿರಾಕಿಗಳೇ ಮೂವರು. ಒಬ್ಬನ ಮೇಲೆ ದೂರು ಕೊಟ್ಟರೆ ಅಚ್ಚಿನ ಪ್ಯಾಟರ್ನ್ ಮರುದಿನ ಬೇರೆ ಊರಿನ ಘಟಕಕ್ಕೆ ಹೋಗುತ್ತದೆ. ಅದಕ್ಕೇ ಆದಾಯ ತೆರಿಗೆ ಕಾನೂನಿಗೆ 43ಬಿ(ಎಚ್) ಎಂಬ ಕಲಮು ಸೇರಿಸಿದ್ದು. ಗಡುವು ಮೀರಿ ಉಳಿಸಿಕೊಂಡ ಕಿರು, ಸಣ್ಣ ಉದ್ದಿಮೆಗಳ ಬಾಕಿಯನ್ನು ಕೊಳ್ಳುಗ ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ದೂರು ಕೊಡದೆಯೂ ಕೆಲಸ ಮಾಡುವ ನಿಯಮ ಇದು. 2023-24ರ ಹಣಕಾಸು ವರ್ಷದಿಂದ ಜಾರಿಯಾದ ಕೂಡಲೇ ಮಾರ್ಚ್‌ನಲ್ಲಿ ಬಾಕಿ ತೀರಿಸುವ ಗಡಿಬಿಡಿ ಕಂಡಿತು. ಜೊತೆಗೆ ‘ನಿಮ್ಮ ನೋಂದಣಿ ರದ್ದು ಮಾಡಿಕೊಳ್ಳಿ, ಇಲ್ಲದಿದ್ದರೆ ಬೇರೆಯವರ ಹತ್ತಿರ ಕೊಳ್ಳುತ್ತೇವೆ’ ಎನ್ನುವ ಕೊಳ್ಳುಗರೂ ಕಂಡರು.

ಉಳಿದ ದಾರಿ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆ. ಬಿಲ್ಲನ್ನು ಅಲ್ಲಿ ಏರಿಸಿದರೆ ಬ್ಯಾಂಕುಗಳು ಪೈಪೋಟಿಯಲ್ಲಿ ಬಡ್ಡಿ ಕಳೆದು ಮುಂಗಡವಾಗಿ ದುಡ್ಡು ಕೊಡುತ್ತವೆ, ಗಡುವಿನ ದಿನ ಕೊಳ್ಳುಗ ಬ್ಯಾಂಕಿಗೆ ಕಟ್ಟುತ್ತಾನೆ. ಕಟ್ಟದಿದ್ದರೆ ಮಾರಿದವನ ಮೇಲೆ ಹೊಣೆ ಬರುವುದಿಲ್ಲ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಅಲ್ಲಿ ಸೇರಲೇಬೇಕೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಸೇರುವುದು ಕಡ್ಡಾಯ, ಆದರೆ ಘಟಕದವರು ಏರಿಸಿದ ಬಿಲ್ಲನ್ನು ಕೊಳ್ಳುಗ ಒಪ್ಪದೆ ಅದು ಹರಾಜಿಗೆ ಬರುವುದಿಲ್ಲ. ಹಾಗಾಗಿ ಹೊಸ ಆರ್ಡರ್ ಹಿಡಿಯುವಾಗ ದರದ ಜೊತೆಗೇ ‘ಬಿಲ್ಲು ಟ್ರೆಡ್ಸ್‌ನಲ್ಲಿ ಏರಿಸುತ್ತೇವೆ, ಏಳು ದಿನದೊಳಗೆ ಒಪ್ಪಬೇಕು’ ಎಂಬ ಒಂದು ಸಾಲನ್ನು ಪರ್ಚೇಸ್ ಆರ್ಡರಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಮಾಲು ಗೇಟು ದಾಟಿದ ಮೇಲೆ ಆ ಸಾಲು ಬರೆಸುವುದು ಕಷ್ಟ.