ಕನ್ನಡಿ ಹಿಂದೆ ಕೂರುವ ಪುಟ್ಟ ಕಂಪ್ಯೂಟರ್: ಎಷ್ಟು ಶಕ್ತಿ ಬೇಕು?

ಗಡಿಯಾರ 41 ತೋರಿಸಿ ಸೀದಾ 43ಕ್ಕೆ ಹಾರಿತು. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ನೋಡುತ್ತಾ ನಿಂತೆ. 47, 48, 50. ಮತ್ತೆ ಒಂದು ಸೆಕೆಂಡು ಮಾಯ.

ಇದು ನಾನೇ ಮನೆಯಲ್ಲಿ ಮಾಡಿಕೊಂಡ ಸ್ಮಾರ್ಟ್ ಕನ್ನಡಿಯ ಕಥೆ. ಇದನ್ನು ನೋಡಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಳೇ ಮಾನಿಟರ್‌ನ ಪ್ಲಾಸ್ಟಿಕ್ ಕವಚ ಬಿಚ್ಚಿ, ಅದರ ಮುಂದೆ ಅರ್ಧ ಬೆಳಕು ಹಿಂದಕ್ಕೆ ಕಳಿಸಿ ಅರ್ಧ ಒಳಗೆ ಬಿಡುವಂಥ ಗಾಜು ಇಟ್ಟು, ಸುತ್ತ ಮರದ ಚೌಕಟ್ಟು ಹೊಡೆದು, ಹಿಂದೆ ಒಂದು ಪುಟ್ಟ ಕಂಪ್ಯೂಟರ್ ಕೂರಿಸಿದರೆ ಆಯ್ತು. ಪರದೆ ಕಪ್ಪಾಗಿರುವ ಕಡೆ ನಿಮ್ಮ ಮುಖ ಕಾಣುತ್ತದೆ. ಬಿಳಿ ಅಕ್ಷರ ಇರುವ ಕಡೆ ಅಕ್ಷರ ಗಾಜು ದಾಟಿ ಹೊಳೆಯುತ್ತದೆ. ಸಮಯ, ಮಳೆ ಬರುತ್ತಾ ಇಲ್ವಾ, ಇವತ್ತು ಏನು ಕೆಲಸ ಇದೆ, ಎಲ್ಲ ಮುಖ ತೊಳೆಯುವಾಗಲೇ ಗೊತ್ತಾಗುತ್ತದೆ. ನೆದರ್ಲೆಂಡ್ಸ್‌ನ ಮೈಕೆಲ್ ಟೇವ್ 2014ರಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡು ಇಂಥದ್ದೊಂದು ಮಾಡಿ, ಆಮೇಲೆ 2016ರಲ್ಲಿ ಅದರ ಸಾಫ್ಟ್‌ವೇರನ್ನು ಹೊಸದಾಗಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಮ್ಯಾಜಿಕ್‌ಮಿರರ್ ಅಂತ ಹೆಸರು. ಮನೆಯಲ್ಲಿ ಕನ್ನಡಿ ಮಾಡುವ ಬಹಳ ಜನ ಬಳಸುವುದು ಇದನ್ನೇ, ನಾನೂ ಕೂಡ.

ಸೆಕೆಂಡು ಹಾರಿದಾಗ ನನಗೆ ಮೊದಲು ಹೊಳೆದದ್ದು ಎಲ್ಲರಿಗೂ ಹೊಳೆಯುವಂಥದ್ದೇ: ಕನ್ನಡಿ ಹಿಂದಿರುವ ಪೈ 3 (ರಾಸ್ಪ್‌ಬೆರಿ ಪೈಯ ಮೂರನೇ ಮಾದರಿ) ಹಳೇದಾಯ್ತು, ಇನ್ನೂ ಶಕ್ತಿ ಇರುವುದನ್ನು ತರೋಣ. ಪುಣ್ಯಕ್ಕೆ ಆ ತಿಂಗಳು ಕೈಯಲ್ಲಿ ದುಡ್ಡಿರಲಿಲ್ಲ. ಹಾಗಾಗಿ ಕೂತು ಹುಡುಕಿದೆ, ಇದು ಕುಂಟುತ್ತಿರುವುದು ಯಾವ ಕಾಲಲ್ಲಿ ಅಂತ.

ಮೊದಲ ಅಪರಾಧಿ ಕಂಪ್ಯೂಟರೇ ಅಲ್ಲ, ಚಾರ್ಜರ್ ಕೇಬಲ್. ಪೈಗೆ ಬೇಕಾದ್ದು 5 ವೋಲ್ಟ್. ಒಳಗೆ ಬರುವುದು ಸುಮಾರು 4.63 ವೋಲ್ಟ್‌ಗಿಂತ ಕೆಳಗಿಳಿದರೆ ಅದು ಗಾಬರಿಯಾಗಿ ತನ್ನ ವೇಗವನ್ನೇ ಇಳಿಸಿಬಿಡುತ್ತದೆ, ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ತೋರಿಸುತ್ತದೆ. ಅಗ್ಗದ ಕೇಬಲ್ ಒಳಗಿನ ತಾಮ್ರ ಕೂದಲಿನ ಹಾಗೆ ತೆಳ್ಳಗಿರುತ್ತದೆ. ಅದಕ್ಕೆ ಕಾಲು ಓಮ್ ತಡೆ ಇದೆ ಅಂದುಕೊಳ್ಳಿ. 2 ಆಂಪಿಯರ್ ಹರಿದರೆ ಅರ್ಧ ವೋಲ್ಟ್ ದಾರಿಯಲ್ಲೇ ಕಳೆದುಹೋಯ್ತು, ಪೈ ಬಾಯಿಗೆ ಬಿದ್ದದ್ದು ನಾಲ್ಕೂವರೆ. ಹಿಂದೆ ಏನಾಗಿತ್ತು ಅಂತ ಪೈಯನ್ನೇ ಕೇಳುವ ಕಮಾಂಡ್ ಇದೆ. ನನಗೆ ಬಂದ ಉತ್ತರ 0ಎಕ್ಸ್50000. ಅಂದರೆ, ಆನ್ ಆದಮೇಲೆ ಒಮ್ಮೆಯಾದರೂ ವೋಲ್ಟೇಜ್ ಬಿದ್ದಿದೆ, ವೇಗವೂ ಇಳಿದಿದೆ. ಸೊನ್ನೆ ಬಂದರೆ ಮಾತ್ರ ಸರಿ. ದಪ್ಪ ಕೇಬಲ್ ಇರುವ ಒಳ್ಳೆ ಅಡಾಪ್ಟರ್ ತಂದೆ. ಅರ್ಧ ಸಮಸ್ಯೆ ಅಲ್ಲಿಗೇ ಹೋಯಿತು.

ಇನ್ನೊಂದು ಬಿಸಿ. ಕನ್ನಡಿ ಅಂದರೆ ಗೋಡೆಗೆ ಒರಗಿದ ಮರದ ಡಬ್ಬಿ. ಒಳಗೆ ಮಾನಿಟರ್ ಬೇರೆ ಬೆಚ್ಚಗೆ ಕೂತಿರುತ್ತದೆ. ಪೈ 80 ಡಿಗ್ರಿ ಮುಟ್ಟಿದರೆ ತಾನೇ ನಿಧಾನವಾಗುತ್ತದೆ. ಚೌಕಟ್ಟಿನ ಕೆಳಗೆ ನಾಲ್ಕು, ಮೇಲೆ ನಾಲ್ಕು ತೂತು ಕೊರೆದೆ. ಬಿಸಿ ಗಾಳಿ ಮೇಲೇರಿ ಹೋಗುತ್ತದೆ, ತಣ್ಣನೆಯದು ಕೆಳಗಿಂದ ಬರುತ್ತದೆ, ಫ್ಯಾನ್ ಕೂಡ ಬೇಡ. ಇದನ್ನು ಮಾಡದೆ ಪೈ 5 ತಂದು ಅದೇ ಡಬ್ಬಿಯಲ್ಲಿ ಮುಚ್ಚಿಟ್ಟರೆ, ಜಾಸ್ತಿ ದುಡ್ಡು ಕೊಟ್ಟು ಜಾಸ್ತಿ ಬಿಸಿ ಕೊಂಡುಕೊಂಡ ಹಾಗೆ.

ಆದರೂ ಗಡಿಯಾರ ಆಗಾಗ ಹಾರುತ್ತಲೇ ಇತ್ತು. ಈಗ ನಿಜವಾದ ವಿಷಯಕ್ಕೆ ಬಂದೆವು.

ಮ್ಯಾಜಿಕ್‌ಮಿರರ್ ನೋಡಲು ನಾಲ್ಕು ಸಾಲು ಅಕ್ಷರ, ಆದರೆ ಹೊಟ್ಟೆಯೊಳಗೆ ಪೂರ್ತಿ ಒಂದು ಕ್ರೋಮಿಯಂ ಬ್ರೌಸರ್ ಕೂತಿದೆ. ಎಲೆಕ್ಟ್ರಾನ್ ಅನ್ನುವ ಸಾಫ್ಟ್‌ವೇರ್ ಚೌಕಟ್ಟಿನ ಮೇಲೆ ಕಟ್ಟಿದ್ದಾರೆ. ಅಂದರೆ ನಿಮ್ಮ ಕನ್ನಡಿ ಇಡೀ ದಿನ ಒಂದು ವೆಬ್ ಪುಟ ತೆರೆದಿಟ್ಟುಕೊಂಡು ಕೂತಿರುತ್ತದೆ, ಅಷ್ಟೇ. ಹವಾಮಾನ ತರುವುದು ಏನೂ ಕೆಲಸವಲ್ಲ, ಹತ್ತು ನಿಮಿಷಕ್ಕೊಮ್ಮೆ ನಾಲ್ಕು ಅಂಕಿ ಬರುತ್ತವೆ. ಭಾರ ಇರುವುದು ಬಣ್ಣ ಬಳಿಯುವುದರಲ್ಲಿ. ಲೆಕ್ಕ ಹಾಕಿ ನೋಡಿ: 1920 ಅಡ್ಡ, 1080 ಉದ್ದ, ಒಟ್ಟು 20,73,600 ಚುಕ್ಕಿ. ಚುಕ್ಕಿಗೆ 4 ಬೈಟ್. ಸುದ್ದಿಯ ಸಾಲು ಮೆಲ್ಲಗೆ ಮಸುಕಾಗಿ ಇನ್ನೊಂದು ಮೂಡುವ ಆ ಚಂದದ ಆಟ ಪರದೆ ತುಂಬಾ ನಡೆದರೆ, ಸೆಕೆಂಡಿಗೆ 60 ಸಲ ಇದನ್ನು ಹೊಸದಾಗಿ ಬರೆಯಬೇಕು. ಸೆಕೆಂಡಿಗೆ ಹತ್ತಿರ ಹತ್ತಿರ 50 ಕೋಟಿ ಬೈಟ್! ಗ್ರಾಫಿಕ್ಸ್ ಚಿಪ್ ಈ ಕೆಲಸಕ್ಕೆ ಕೈ ಜೋಡಿಸದಿದ್ದರೆ ಎಲ್ಲ ಪ್ರೊಸೆಸರ್ ತಲೆ ಮೇಲೆ ಬೀಳುತ್ತದೆ.

ಲ್ಯಾಪ್‌ಟಾಪ್‌ನಿಂದ ಪೈ ಒಳಗೆ ಹೋಗಿ ಟಾಪ್ ಅನ್ನುವ ಕಮಾಂಡ್ ಕೊಟ್ಟೆ. ಮೇಲಿನ ಸಾಲಲ್ಲೇ ಎಲೆಕ್ಟ್ರಾನ್, ಪಕ್ಕದಲ್ಲಿ 100. ಅದು ಒಂದು ಕೋರಿನ, ಅಂದರೆ ಪ್ರೊಸೆಸರ್ ಒಳಗಿನ ನಾಲ್ಕು ಕೆಲಸಗಾರರಲ್ಲಿ ಒಬ್ಬನ, ನೂರಕ್ಕೆ ನೂರು. ಉಳಿದ ಮೂರು ಕೋರ್ ಸುಮ್ನೆ ಆಕಳಿಸುತ್ತಿವೆ. ಪುಟವನ್ನು ಜೋಡಿಸುವ ಕೆಲಸ, ಗಡಿಯಾರದ ಅಂಕಿ ಬದಲಿಸುವ ಕೆಲಸ ಎರಡೂ ಒಬ್ಬನೇ ಮಾಡಬೇಕು, ಬ್ರೌಸರ್ ಇರುವುದೇ ಹಾಗೆ. ಅವನು ಸುದ್ದಿ ಸಾಲು ಜೋಡಿಸುವುದರಲ್ಲಿ ಮುಳುಗಿದ್ದಾಗ 42 ಬಂದು ಹೋಗಿರುತ್ತದೆ.

ಹಾಗಾಗಿ ಡಬ್ಬಿ ಮೇಲೆ ಎಂಟು ಕೋರ್ ಅಂತ ಬರೆದಿರುವುದನ್ನು ನೋಡಿ ಮರುಳಾಗಬೇಡಿ. ಕನ್ನಡಿಗೆ ಬೇಕಾದ್ದು ಒಂದೇ ಕೋರಿನ ಚುರುಕು. ಇಲ್ಲೊಂದು ಸ್ವಾರಸ್ಯ ಇದೆ. ಪೈ 3ರಲ್ಲಿರುವುದು ಕಾರ್ಟೆಕ್ಸ್ ಎ53 ಅನ್ನುವ ಮಾದರಿಯ ಕೋರ್, ಪೈ 4ರಲ್ಲಿರುವುದು ಎ72. ಗಿಗಾಹರ್ಟ್ಸ್ ನೋಡಿದರೆ 1.2ಕ್ಕೂ 1.5ಕ್ಕೂ ಏನು ಮಹಾ ವ್ಯತ್ಯಾಸ ಅನ್ನಿಸುತ್ತದೆ, ಅಲ್ವಾ? ವ್ಯತ್ಯಾಸ ಇರುವುದು ಸ್ವಭಾವದಲ್ಲಿ. ದರ್ಶಿನಿಯ ಕೌಂಟರ್ ನೆನಪಿಸಿಕೊಳ್ಳಿ. ಮುಂದೆ ನಿಂತವರ ಮಸಾಲೆ ದೋಸೆ ಇನ್ನೂ ಕಾವಲಿ ಮೇಲಿದೆ. ಹಿಂದಿನವರಿಗೆ ಬೇಕಾದ್ದು ಇಡ್ಲಿ, ಅದು ರೆಡಿ ಇದೆ. ಎ53 ಏನು ಮಾಡುತ್ತದೆ ಅಂದರೆ, ಸರದಿ ಅಂದರೆ ಸರದಿ, ದೋಸೆ ಆಗುವ ತನಕ ಇಡ್ಲಿಯವರೂ ನಿಲ್ಲಿ ಅನ್ನುತ್ತದೆ. ಎ72 ಮಾತ್ರ ದೋಸೆ ಬೇಯುವಷ್ಟರಲ್ಲಿ ಹಿಂದಿನ ಮೂವರಿಗೆ ಇಡ್ಲಿ ಕೊಟ್ಟು ಕಳಿಸುತ್ತದೆ. ಮೆಮೊರಿಯಿಂದ ಮಾಹಿತಿ ಬರುವುದು ಪ್ರೊಸೆಸರ್ ಲೆಕ್ಕದಲ್ಲಿ ಬಹಳ ನಿಧಾನ, ದೋಸೆ ಇದ್ದ ಹಾಗೆ. ಬ್ರೌಸರ್ ಕೆಲಸದಲ್ಲಿ ಇಂಥ ಕಾಯುವಿಕೆಯೇ ಜಾಸ್ತಿ, ಅದಕ್ಕೇ ಪೈ 4 ಕೈಗೆ ಬಂದಾಗ ಅಂಕಿಗಿಂತ ಎಷ್ಟೋ ವೇಗ ಅನ್ನಿಸುತ್ತದೆ. 2023ರಲ್ಲಿ ಬಂದ ಪೈ 5ರ ಎ76 ಅದಕ್ಕಿಂತಲೂ ಎರಡು ಮೂರು ಪಟ್ಟು ಚುರುಕು.

ಮೆಮೊರಿ ಬಗ್ಗೆ ಒಂದೇ ಮಾತು. 1 ಜಿಬಿಯಲ್ಲಿ ಬ್ರೌಸರ್ ಉಸಿರುಗಟ್ಟುತ್ತದೆ. ಜಾಗ ಸಾಲದೆ ಎಸ್‌ಡಿ ಕಾರ್ಡನ್ನೇ ಮೆಮೊರಿ ತರಹ ಬಳಸಲು ಶುರು ಮಾಡಿತೋ, ಕಥೆ ಮುಗಿಯಿತು. ನಿಧಾನ ಅಂದರೆ ನಿಧಾನ, ಕಾರ್ಡೂ ಬೇಗ ಸವೆಯುತ್ತದೆ. 2 ಜಿಬಿ ಇದ್ದರೆ ಆರಾಮ. 8 ಜಿಬಿ ಪೈ ಕೊಂಡು ಕನ್ನಡಿ ಹಿಂದೆ ಇಡುವುದು ನನ್ನ ಪ್ರಕಾರ ದುಡ್ಡು ಚೆಲ್ಲುವ ಕೆಲಸ.

ಸರಿ, ಏನು ಕೊಳ್ಳುವುದು?

2015ರಲ್ಲಿ ಐದು ಡಾಲರಿಗೆ ಬಂದ ಪೈ ಝೀರೋ ಆಸೆ ಹುಟ್ಟಿಸುತ್ತದೆ, ಆದರೆ ಅದರ ಪ್ರೊಸೆಸರ್ ಮಾದರಿ ಎಷ್ಟು ಹಳೇದು ಅಂದರೆ ಎಲೆಕ್ಟ್ರಾನ್ ಅದರ ಮೇಲೆ ಓಡುವುದೇ ಇಲ್ಲ. ಝೀರೋ 2 ಡಬ್ಲ್ಯೂ ಓಡಿಸಬಲ್ಲದು, ಆದರೆ 512 ಎಂಬಿ. ಬೇಡ. ಕೆಲವರು ಜಾಣತನ ಮಾಡುತ್ತಾರೆ: ಸಾಫ್ಟ್‌ವೇರನ್ನು ಬೇರೆ ಕಂಪ್ಯೂಟರ್‌ನಲ್ಲಿ ಓಡಿಸಿ, ಕನ್ನಡಿ ಹಿಂದಿನ ಬಡಪಾಯಿಗೆ ಬರೀ ಬ್ರೌಸರ್ ತೆರೆಯುವ ಕೆಲಸ ಕೊಡುತ್ತಾರೆ. ಭಾರ ಎಲ್ಲಿತ್ತು ಅಂತ ಈಗಷ್ಟೇ ನೋಡಿದೆವಲ್ಲ. ಬಣ್ಣ ಬಳಿಯುವ ಕೆಲಸ ಪರದೆ ಇದ್ದ ಕಡೆಯೇ ಉಳಿಯುತ್ತದೆ, ಬೇರೆ ಕಡೆಗೆ ಹೋದದ್ದು ಹಗುರ ಕೆಲಸ.

ಪೈ 4, 2 ಜಿಬಿ: ಮಾಮೂಲಿ ಕನ್ನಡಿಗೆ ನನ್ನ ಆಯ್ಕೆ ಇದು. ಕ್ಯಾಲೆಂಡರ್, ಹವಾಮಾನ, ಫೋಟೋ ಎಲ್ಲ ನೀರು ಕುಡಿದಷ್ಟು ಸುಲಭ. ಪೈ 5 ತೆಗೆದುಕೊಂಡರೆ ತಪ್ಪಲ್ಲ, ಆದರೆ ಅದಕ್ಕೆ 5 ವೋಲ್ಟ್ 5 ಆಂಪಿಯರ್‌ನ ತನ್ನದೇ ಅಡಾಪ್ಟರ್ ಇದ್ದರೆ ಒಳ್ಳೆಯದು, ತಂಪು ಮಾಡುವ ಏರ್ಪಾಡೂ ಬೇಕು. ತಮಾಷೆ ಅಂದರೆ, ಹೊಸದಾದ ಪೈ 5ರಲ್ಲಿ ಎಚ್.264 ಅನ್ನುವ ಮಾದರಿಯಲ್ಲಿ ಅಡಕ ಮಾಡಿದ ವಿಡಿಯೊ ಬಿಡಿಸುವ ಪ್ರತ್ಯೇಕ ಯಂತ್ರಾಂಗವನ್ನೇ ತೆಗೆದುಹಾಕಿದ್ದಾರೆ. ಪೈ 3ರಲ್ಲೂ ಇದ್ದದ್ದು ಅದು. ಪ್ರೊಸೆಸರ್ ಬಲವಾಗಿರುವುದರಿಂದ ಸುಧಾರಿಸಿಕೊಳ್ಳುತ್ತದೆ, ಬಿಸಿ ಮಾತ್ರ ಜಾಸ್ತಿ.

ಪೈ ತರಹದ್ದೇ ಬೇರೆ ಕಂಪನಿಗಳ ಬೋರ್ಡ್‌ಗಳೂ ಇವೆ. ಆರೆಂಜ್ ಪೈ 5, ರಾಕ್ 5ಬಿ ಇಂಥವುಗಳಲ್ಲಿ ರಾಕ್‌ಚಿಪ್ ಆರ್‌ಕೆ3588 ಕುಟುಂಬದ ಚಿಪ್ ಇದೆ. ನಾಲ್ಕು ಎ76, ನಾಲ್ಕು ಎ55. ಕಾಗದದ ಮೇಲೆ ಭರ್ಜರಿ. ಆದರೆ ಗ್ರಾಫಿಕ್ಸ್ ಡ್ರೈವರ್ ಸರಿಯಾಗಿ ಕೂರದಿದ್ದರೆ ಅಷ್ಟೂ ಶಕ್ತಿ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತೆ. ಶನಿವಾರ ಭಾನುವಾರ ಕೂತು ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಜೊತೆ ಗುದ್ದಾಡುವ ಹುಮ್ಮಸ್ಸು ಇದ್ದರೆ ಮಾತ್ರ ಕೈ ಹಾಕಿ. ಎನ್ವಿಡಿಯಾದ ಪುಟ್ಟ ಬೋರ್ಡ್ ಜೆಟ್ಸನ್ ನ್ಯಾನೊ ಹೆಸರೂ ಕಿವಿಗೆ ಬೀಳುತ್ತದೆ. ಕ್ಯಾಮೆರಾದಲ್ಲಿ ಮುಖ ಗುರುತಿಸುವ ಆಟಕ್ಕೆ 2019ರಲ್ಲಿ ಅದು ಚೆನ್ನಾಗಿತ್ತು, ಈಗ ಅದರ ಸಾಫ್ಟ್‌ವೇರ್ 2018ರ ಲಿನಕ್ಸ್ ಆವೃತ್ತಿಯಾದ ಉಬುಂಟು 18.04ರಲ್ಲೇ ನಿಂತುಹೋಗಿದೆ.

ಎಲ್ಲರೂ ಮರೆಯುವುದು ಸೆಕೆಂಡ್ ಹ್ಯಾಂಡ್ ಮಿನಿ ಪಿಸಿಯನ್ನು. ಆಫೀಸುಗಳು ನಾಲ್ಕೈದು ವರ್ಷ ಬಳಸಿ ರಾಶಿ ರಾಶಿ ಬಿಸಾಡುವ ಥಿಂಕ್‌ಸೆಂಟರ್ ಟೈನಿ, ಆಪ್ಟಿಪ್ಲೆಕ್ಸ್ ಮೈಕ್ರೊ ತರಹದವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಇಂಥವು ಕಣ್ಣಿಗೆ ಬೀಳುತ್ತವೆ. ಪೈ, ಅಡಾಪ್ಟರ್, ಕಾರ್ಡ್, ಕೇಸ್, ಹೀಟ್‌ಸಿಂಕ್ ಎಲ್ಲ ಕೂಡಿಸಿ ಆಮೇಲೆ ಬೆಲೆ ಹೋಲಿಸಿ. ಇವುಗಳಲ್ಲಿ ಎಸ್‌ಡಿ ಕಾರ್ಡ್ ಬದಲು ಎಸ್‌ಎಸ್‌ಡಿ ಇರುತ್ತದೆ, ಕರೆಂಟ್ ಹೋಗಿ ಬಂದಾಗ ಕಾರ್ಡ್ ಕೆಟ್ಟು ಕೂರುವ ಗೋಳು ಕಡಿಮೆ. ಕಷ್ಟ ಏನು ಅಂದರೆ ಗಾತ್ರ. ಟೈನಿ ಅಂದರೂ ಸುಮಾರು 18 ಸೆಂ.ಮೀ. ಚದರ, ಮೂರೂವರೆ ಸೆಂ.ಮೀ. ದಪ್ಪ, ಚೌಕಟ್ಟು ಗೋಡೆಯಿಂದ ಅಷ್ಟು ಮುಂದೆ ಬರುತ್ತದೆ. ಹೊಸದೇ ಬೇಕು ಅಂದರೆ ಇಂಟೆಲ್ ಎನ್100 ಇರುವ ಪುಟ್ಟ ಪಿಸಿಗಳಿವೆ, 6 ವ್ಯಾಟ್‌ನ ಚಿಪ್, ನಾಲ್ಕು ಕೋರ್, ಕನ್ನಡಿ ಕೆಲಸಕ್ಕೆ ಧಾರಾಳ.

ಕರೆಂಟ್ ಬಿಲ್? ಪೈ 4ಕ್ಕೆ ಅಂದಾಜು 4 ವ್ಯಾಟ್ ಇಟ್ಟುಕೊಂಡರೆ ತಿಂಗಳಿಗೆ 3 ಯೂನಿಟ್ ಒಳಗೆ. ಮಿನಿ ಪಿಸಿಗೆ 10 ವ್ಯಾಟ್ ಅಂದರೆ 7.2 ಯೂನಿಟ್. ಇದರ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ, ಎದುರಿಗೇ 20 ವ್ಯಾಟ್ ಮಾನಿಟರ್ ಹಗಲೂ ರಾತ್ರಿ ಉರಿದು 14.4 ಯೂನಿಟ್ ತಿನ್ನುತ್ತಿರುತ್ತದೆ! ಉಳಿಸಬೇಕಾದ್ದು ಅಲ್ಲಿ. ಯಾರಾದರೂ ಎದುರು ಬಂದಾಗ ಮಾತ್ರ ಪರದೆ ಹೊತ್ತಿಸುವ ಪಿಐಆರ್ ಸೆನ್ಸರ್ ಹಾಕಿ.

ಅದರಲ್ಲಿ ನಾನು ಮೋಸ ಹೋದೆ. ಸೆನ್ಸರನ್ನು ಗಾಜಿನ ಹಿಂದೆ ಚಂದಕ್ಕೆ ಅಡಗಿಸಿಟ್ಟೆ, ಎದುರು ನಿಂತು ಕುಣಿದರೂ ಏನೂ ಆಗಲಿಲ್ಲ. ಪಿಐಆರ್ ನೋಡುವುದು ನಮ್ಮ ಮೈಯಿಂದ ಹೊರಡುವ ಶಾಖದ ಕಿರಣವನ್ನು, ಅದರ ಅಲೆಯುದ್ದ 10 ಮೈಕ್ರಾನ್ ಆಸುಪಾಸು. ಕಣ್ಣಿಗೆ ಪಾರದರ್ಶಕವಾದ ಗಾಜು ಆ ಕಿರಣಕ್ಕೆ ಇಟ್ಟಿಗೆ ಗೋಡೆ ಇದ್ದಂತೆ. ಕೊನೆಗೆ ಚೌಕಟ್ಟಿನ ಮರದಲ್ಲಿ ತೂತು ಮಾಡಿ ಕೂರಿಸಿದೆ. ಮಿನಿ ಪಿಸಿ ಕೊಂಡವರಿಗೆ ಇಲ್ಲೊಂದು ತೊಡಕು: ಸೆನ್ಸರ್ ಸಿಕ್ಕಿಸಲು ಪೈಯಲ್ಲಿರುವಂಥ ಪಿನ್ನುಗಳು ಅದರಲ್ಲಿಲ್ಲ. ಇಎಸ್‌ಪಿ8266 ಅನ್ನುವ ಒಂದು ಅಗ್ಗದ ವೈಫೈ ಚಿಪ್ ಬೋರ್ಡ್ ತಂದು ಅದರ ಮೂಲಕ ಸುದ್ದಿ ಮುಟ್ಟಿಸಬೇಕು.

ಕನ್ನಡ ತೋರಿಸುವುದಕ್ಕೆ ಮಾತ್ರ ಯಾವ ಶಕ್ತಿಯೂ ಬೇಡ. ವಾರದ ಹೆಸರು ಇರುವ ಕಡೆ ಬರೀ ಚೌಕಗಳು ಕಂಡರೆ ಫಾಂಟ್ ಇಲ್ಲ ಅಂತ ಅರ್ಥ. ಪೈಯ ಆಪರೇಟಿಂಗ್ ಸಿಸ್ಟಮ್‌ಗೆ ಬುನಾದಿಯಾದ ಡೆಬಿಯನ್ ಲಿನಕ್ಸ್‌ನಲ್ಲಿ ಕನ್ನಡಕ್ಕೆ ಗುಬ್ಬಿ, ನವಿಲು ಅಂತ ಎರಡು ಫಾಂಟ್ ಇವೆ (ಹೆಸರು ಇಟ್ಟವರಿಗೆ ನಮಸ್ಕಾರ), ಹಾಕಿಕೊಂಡರೆ ಒತ್ತಕ್ಷರ ಎಲ್ಲ ಸರಿ ಬರುತ್ತದೆ.

ಶಕ್ತಿ ನಿಜವಾಗಿ ಬೇಕಾಗುವುದು ಕನ್ನಡಿ ಜೊತೆ ಮಾತಾಡಬೇಕು ಅಂದಾಗ, ಅದೂ ನಮ್ಮ ಮಾತು ಮನೆ ಬಿಟ್ಟು ಹೊರಗಿನ ಸರ್ವರ್‌ಗೆ ಹೋಗಬಾರದು ಅಂದಾಗ. ಓಪನ್‌ಎಐ 2022ರಲ್ಲಿ ಬಿಟ್ಟ ವಿಸ್ಪರ್ ಅನ್ನುವ ಮಾತು ಕೇಳುವ ಮಾದರಿಗೆ ಕನ್ನಡವೂ ಗೊತ್ತು. ಅದರ ಅತಿ ಚಿಕ್ಕ ಮಾದರಿಯಲ್ಲಿ, ಕಲಿತದ್ದನ್ನು ಹಿಡಿದಿಡುವ 3.9 ಕೋಟಿ ಅಂಕಿಗಳಿವೆ, ದೊಡ್ಡದರಲ್ಲಿ 155 ಕೋಟಿ. ಚಿಕ್ಕದು ಪೈ ಮೇಲೆ ಓಡುತ್ತದೆ, ಇಂಗ್ಲಿಷ್ ಪರವಾಗಿಲ್ಲ, ಕನ್ನಡ ಮಾತ್ರ ಅಷ್ಟಕ್ಕಷ್ಟೆ. ದೊಡ್ಡದು ಇನ್ನೂ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ, ಆದರೆ ಅದನ್ನು ಪೈ 5 ಮೇಲೆ ಹೇರಿದರೆ, ಮಳೆ ಬರುತ್ತಾ ಅಂತ ಕೇಳಿ ಉತ್ತರ ಬರುವಷ್ಟರಲ್ಲಿ ಛತ್ರಿ ಇಲ್ಲದೆ ಹೊರಗೆ ಹೋಗಿ ನೆಂದು ವಾಪಸ್ ಬಂದಿರುತ್ತೀರಿ. ಈ ಆಸೆ ಇರುವವರು ಪೈ ಬಿಟ್ಟು ಸೀದಾ ಮಿನಿ ಪಿಸಿಗೆ ಹೋಗಿ, ಮಧ್ಯದ ಮಾದರಿ ಒಂದನ್ನು ಹಾಕಿ ನೋಡಿ.

ನಮ್ಮ ಮನೆಗೆ ಪೈ 4 ಬಂತು. 42 ವಾಪಸ್ ಬಂತು. ವಾರ ಆದಮೇಲೆ ಅಮ್ಮ ಕೇಳಿದರು, ಕನ್ನಡಿಯಲ್ಲಿ ಸೆಕೆಂಡು ಯಾಕೋ, ನೋಡಿದರೆ ಗಡಿಬಿಡಿ ಆಗುತ್ತೆ ಅಂತ. ಸೆಟಿಂಗ್ಸ್ ಫೈಲ್‌ನಲ್ಲಿ ಒಂದು ಸಾಲು ಬದಲಿಸಿ ತೆಗೆದುಹಾಕಿದೆ. ಸುಮ್ನೆ ಕುತೂಹಲಕ್ಕೆ ಹಳೇ ಪೈ 3ಕ್ಕೂ ಅದೇ ಫೈಲ್ ಹಾಕಿ, ಸುದ್ದಿ ಸಾಲಿನ ಮಸುಕಾಟವನ್ನೂ ನಿಲ್ಲಿಸಿ ಓಡಿಸಿ ನೋಡಿದೆ. ಆರಾಮಾಗಿ ಓಡಿತು. ಈಗ ಅದು ಅಮ್ಮನ ರೂಮಿನ ಕನ್ನಡಿ ಹಿಂದಿದೆ.